ಹೈ-ಗೇನ್ ಪ್ರೀಆಂಪ್ ಪೆಡಲ್ ಆಯ್ಕೆ: ಜೆಸಿಎಂ800, 5150, ರೆಕ್ಟಿಫೈಯರ್ ಸೌಂಡ್‌ಗೆ ಯಾವುದು?

ಡ್ರಾಪ್‌ಡಿ:
ಮಾರ್ಷಲ್ ಜೆಸಿಎಂ800, ಪೀವಿ 5150, ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್, ಈ ಮೂರು ಗಿಟಾರ್ ಆಂಪ್‌ಗಳಲ್ಲಿ ಯಾವುದಾದರೂ ಒಂದರ ಸೌಂಡ್‌ಗೆ ಹತ್ತಿರ ಬರುವ ಪ್ರೀಆಂಪ್ ಪೆಡಲ್ (ಆಂಪ್‌ನಲ್ಲಿ ಸೌಂಡ್ ರೂಪಿಸುವ ಮೊದಲ ಭಾಗದ ಕೆಲಸ ಮಾಡುವಂಥದ್ದು) ತಗೋಬೇಕು. ಕೈಲಿರೋದು ಫೆಂಡರ್ ಬಗೆಯ 40 ವ್ಯಾಟ್ ಟ್ಯೂಬ್ ಕಾಂಬೊ (ಪ್ರೀಆಂಪ್, ಪವರ್ ಆಂಪ್ ನಡುವೆ ಇಡೀ ಸಿಗ್ನಲ್ ಹೊರಗೆ ಹೋಗಿಬರುವ ಸೆಂಡ್-ರಿಟರ್ನ್ ಜ್ಯಾಕ್, ಅಂದರೆ ಸೀರೀಸ್ ಲೂಪ್ ಇದೆ), ಹಂಬಕರ್ ಗಿಟಾರ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್. ಬಾರಿಸೋದು ಹೆಚ್ಚಾಗಿ ರಿಫ್, ಹಾಗಾಗಿ ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ಬಾರಿಸೋದು) ಬಿಗಿಯಾಗಿ ಕೇಳಬೇಕು. ಈಗಿರೋ ಡಿಸ್ಟಾರ್ಷನ್ ಪೆಡಲನ್ನು ಇಂಟರ್‌ಫೇಸ್‌ಗೆ ನೇರ ಹಾಕಿದರೆ ಡಬ್ಬಿಯೊಳಗೆ ದುಂಬಿ ಬಿಟ್ಟ ಹಾಗೆ ಗುಂಯ್ ಅನ್ನುತ್ತೆ. ಹೊಸ ಪೆಡಲನ್ನು ಆಂಪ್‌ನ ಇನ್‌ಪುಟ್‌ಗೆ ಹಾಕಬೇಕಾ, ಲೂಪ್‌ನ ರಿಟರ್ನ್‌ಗಾ? ಒಳಗೆ ನಿಜವಾದ ಟ್ಯೂಬ್ ಇರೋದನ್ನೇ ಹುಡುಕಬೇಕಾ?

ಮಂದ್ರತಂತಿ:
ಯಾವ ಪೆಡಲ್ ಅನ್ನೋದಕ್ಕಿಂತ ಮೊದಲು ಅದು ಎಲ್ಲಿಗೆ ಹೋಗುತ್ತೆ ಅನ್ನೋದು ತೀರ್ಮಾನ ಆಗಲಿ. ಅದೊಂದು ಗೊತ್ತಾದರೆ ಪಟ್ಟಿಯಲ್ಲಿರುವ ಅರ್ಧ ಪೆಡಲ್‌ಗಳು ತಾವಾಗೇ ಉದುರಿಹೋಗುತ್ತವೆ.

ಇನ್‌ಪುಟ್‌ಗೆ ಹಾಕಿದರೆ ಪೆಡಲ್‌ನ ಟೋನ್ ಸ್ಟ್ಯಾಕ್ (ಬೇಸ್, ಮಿಡ್, ಟ್ರೆಬಲ್ ನಾಬ್‌ಗಳ ಸರ್ಕ್ಯೂಟ್) ಆದ ಮೇಲೆ ಆಂಪ್‌ನ ಟೋನ್ ಸ್ಟ್ಯಾಕ್ ಇನ್ನೊಮ್ಮೆ ಕೆಲಸ ಮಾಡುತ್ತೆ. ಫೆಂಡರ್ ಬಗೆಯ ಆಂಪ್ ಮಿಡ್ ಅನ್ನು ಚೆನ್ನಾಗೇ ಕೆರೆದು ಹಾಕುತ್ತೆ. ಮಾರ್ಷಲ್ ಅನುಕರಿಸುವ ಪೆಡಲ್ ಕೊಟ್ಟ ಮಿಡ್ ಎಲ್ಲ ಅಲ್ಲೇ ಸತ್ತು, ಉಳಿಯೋದು ಬೇಸ್ ಮತ್ತು ಚುರುಚುರು ಟ್ರೆಬಲ್. ಇನ್‌ಪುಟ್‌ಗೇ ಹಾಕಲೇಬೇಕು ಅಂದರೆ ಆಂಪ್‌ನಲ್ಲಿ ಮಿಡ್ 10, ಬೇಸ್ 2, ಟ್ರೆಬಲ್ 2 ಇಟ್ಟು ಶುರು ಮಾಡಿ. ಅಂಥ ಟೋನ್ ಸ್ಟ್ಯಾಕ್ ಹೆಚ್ಚುಕಡಿಮೆ ಸಮತಟ್ಟಾಗೋದು ಅಲ್ಲಿಯೇ. ಬ್ರೈಟ್ ಸ್ವಿಚ್ ಇದ್ದರೆ ಆಫ್.

ರಿಟರ್ನ್‌ಗೆ ಹಾಕಿದರೆ ಆಂಪ್‌ನ ಪ್ರೀಆಂಪ್ ಪೂರ್ತಿ ಪಕ್ಕಕ್ಕೆ ಸರಿಯುತ್ತೆ. ಪ್ರೀಆಂಪ್ ಪೆಡಲ್ ಅಂತ ಹೆಸರಿಟ್ಟು ಮಾಡಿದವಕ್ಕೆ ಇದೇ ಸರಿಯಾದ ಜಾಗ. ಆದರೆ ಎರಡು ತೊಡಕು ಇವೆ. ಮೊದಲನೆಯದು ಲೆವೆಲ್: ರಿಟರ್ನ್ ಲೈನ್ ಲೆವೆಲ್ ಬಯಸುತ್ತೆ, ಅಂದರೆ -10 ಡಿಬಿವಿಗೆ ಸುಮಾರು 0.32 ವೋಲ್ಟ್, +4 ಡಿಬಿಯುಗೆ ಸುಮಾರು 1.23 ವೋಲ್ಟ್. ಔಟ್‌ಪುಟ್ ಕಡಿಮೆ ಇರುವ ಡಿಸ್ಟಾರ್ಷನ್ ಪೆಡಲ್ ಅಲ್ಲಿ ಸೊರಗಿದ ಹಾಗೆ ಕೇಳುತ್ತೆ, ಎಲ್ಲರೂ ಪೆಡಲ್ ಸರಿಯಿಲ್ಲ ಅಂದುಕೊಳ್ತಾರೆ. ಎರಡನೆಯದು ಬೈಪಾಸ್: ಪೆಡಲ್ ಆಫ್ ಮಾಡಿದ ಕೂಡಲೇ ಗಿಟಾರ್‌ನ ಹಸಿ ಸಿಗ್ನಲ್ ನೇರ ಪವರ್ ಆಂಪ್‌ಗೆ ಹೋಗಿ ಸೌಂಡ್ ಮಂಕಾಗಿ ಬಿಡುತ್ತೆ. ಕ್ಲೀನ್ ಚಾನೆಲ್ ಕೂಡ ಬೇಕಾದರೆ ನಾಲ್ಕು ಕೇಬಲ್ ಜೋಡಣೆ ಇರುವ ಪೆಡಲ್ ನೋಡಿ, ಇಲ್ಲವೇ ಲೂಪ್ ಸ್ವಿಚರ್ ಬೇಕು. ವಿಕ್ಟರಿಯ ವಿ4 ಸಾಲಿನವು ಇದಕ್ಕೆಂದೇ ಮಾಡಿದವು.

ನಾಲ್ಕು ಕೇಬಲ್ ಹೋಗುವ ಕ್ರಮ: ಗಿಟಾರ್‌ನಿಂದ ಪೆಡಲ್ ಇನ್‌ಪುಟ್, ಪೆಡಲ್‌ನ ಸೆಂಡ್‌ನಿಂದ ಆಂಪ್ ಇನ್‌ಪುಟ್, ಆಂಪ್ ಸೆಂಡ್‌ನಿಂದ ಪೆಡಲ್‌ನ ರಿಟರ್ನ್, ಪೆಡಲ್ ಔಟ್‌ನಿಂದ ಆಂಪ್ ರಿಟರ್ನ್. ಹೀಗೆ ಜೋಡಿಸಿದಾಗ ಗ್ರೌಂಡ್ ಎರಡು ದಾರಿಯಲ್ಲಿ ಸೇರೋದರಿಂದ ಹಮ್ ಬರಬಹುದು. ಆಂಪ್‌ನ ಸೆಂಡ್ ಕೇಬಲ್‌ನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಹಮ್ ಎಲಿಮಿನೇಟರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ತೆಗೆಯೋ ಬುದ್ಧಿವಂತಿಕೆ ಮಾತ್ರ ಬೇಡ. ಟ್ಯೂಬ್ ಆಂಪ್‌ನೊಳಗೆ 400 ವೋಲ್ಟ್‌ಗೂ ಮೇಲೆ ಓಡುತ್ತಿರುತ್ತೆ.

ಗುಂಯ್ ಅನ್ನೋದಕ್ಕೆ ಕಾರಣ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಇಲ್ಲದಿರೋದು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನು ತಾನೇ ಕತ್ತರಿಸಿ ಬಿಡುತ್ತೆ, ಇಂಟರ್‌ಫೇಸ್ ಕತ್ತರಿಸಲ್ಲ. ಐಆರ್ (ನಿಜವಾದ ಕ್ಯಾಬ್‌ನ ಗುಣ ಸೆರೆಹಿಡಿದ ಫೈಲ್) ಲೋಡರ್ ಹಾಕಿ, ಅದರ ನಂತರ 80 ಹರ್ಟ್ಸ್ ಕೆಳಗೆ ಮತ್ತು 8ರಿಂದ 10 ಕಿಲೋಹರ್ಟ್ಸ್ ಮೇಲೆ ಕಟ್ ಮಾಡಿ. ಪೆಡಲ್‌ನಲ್ಲೇ ಕ್ಯಾಬ್ ಸಿಮ್ಯುಲೇಷನ್ ಇದ್ದರೆ ಅದು ಅಥವಾ ಐಆರ್, ಯಾವುದಾದರೂ ಒಂದೇ. ಎರಡೂ ಸೇರಿದರೆ ಕಂಬಳಿ ಹೊದಿಸಿದ ಸೌಂಡ್. ಪೆಡಲ್ ಔಟನ್ನು ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಕೊಡಿ, ಗಿಟಾರ್ ಚಿತ್ರ ಇರುವ ಹೈ-ಝೀ ಇನ್‌ಪುಟ್‌ಗೆ ಅಲ್ಲ. ಪೀಕ್ -12 ಡೆಸಿಬೆಲ್ ಆಸುಪಾಸಿನಲ್ಲಿರಲಿ.

ಬಿಸಿಕ್ಯಾಥೋಡ್:
ಮಂದ್ರತಂತಿಯವರು ಜೋಡಣೆ ಸರಿಯಾಗಿ ಹೇಳಿದ್ದಾರೆ. ನೀವು ಹೆಸರಿಸಿದ ಮೂರು ಆಂಪ್‌ಗಳನ್ನು ಒಂದೇ ಸಾಲಲ್ಲಿ ಇಡೋದು ಮಾತ್ರ ಸರಿಯಲ್ಲ.

ಜೆಸಿಎಂ800 2203ರ ಪ್ರೀಆಂಪ್‌ನಲ್ಲಿ ಗೇನ್ ಕೊಡುವ ಹಂತ ಮೂರೇ, ಆಮೇಲೆ ಕ್ಯಾಥೋಡ್ ಫಾಲೋವರ್ (ಗೇನ್ ಕೂಡಿಸದೆ ಸಿಗ್ನಲ್ ಮುಂದಕ್ಕೆ ಕೊಡುವ ಹಂತ), ಟೋನ್ ಸ್ಟ್ಯಾಕ್. ಎರಡನೇ ಹಂತದ ಕ್ಯಾಥೋಡ್ ರೆಸಿಸ್ಟರ್ 10 ಕಿಲೋಓಮ್, ಬೈಪಾಸ್ ಕೆಪಾಸಿಟರ್ ಇಲ್ಲ. ಮಾಮೂಲಿ ಹಂತದಲ್ಲಿ 820 ಓಮ್‌ನಿಂದ 2.7 ಕಿಲೋಓಮ್ ಒಳಗಿರುತ್ತೆ. ಇಷ್ಟು ದೊಡ್ಡ ರೆಸಿಸ್ಟರ್ ಇಟ್ಟಾಗ ಟ್ಯೂಬ್ ಕಟ್‌ಆಫ್ (ಕರೆಂಟ್ ನಿಲ್ಲುವ ಜಾಗ) ಹತ್ತಿರವೇ ಕೂತಿರುತ್ತೆ, ಅಲೆಯ ಒಂದು ಪಕ್ಕ ಬೇಗ ಕತ್ತರಿಸಿಹೋಗುತ್ತೆ. ಇದನ್ನೇ ಕೋಲ್ಡ್ ಕ್ಲಿಪರ್ ಅನ್ನೋದು. ಸೋಲ್ಡಾನೊ ಎಸ್‌ಎಲ್‌ಒ-100 ಇದನ್ನು 39 ಕಿಲೋಓಮ್‌ಗೆ ಏರಿಸಿತು. ರೆಕ್ಟಿಫೈಯರ್, 5150 ಎರಡೂ ಅದೇ ಹಾದಿ ಹಿಡಿದವು. ಅಂದರೆ ಆ ಎರಡೂ ಒಂದೇ ವಂಶದವು, ಜೆಸಿಎಂ800 ಅವುಗಳ ಹಿರಿಯ.

ಪೆಡಲ್ ಕೊಳ್ಳುವವರಿಗೆ ಇದರಿಂದ ತಿಳಿಯೋದು: 5150, ಎಸ್‌ಎಲ್‌ಒ ಬಗೆಯವು ಬಹುಪಾಲು ಡಿಸ್ಟಾರ್ಷನ್ ಅನ್ನು ಪ್ರೀಆಂಪ್‌ನಲ್ಲೇ ಮಾಡುತ್ತವೆ, ಅದಕ್ಕೇ ಪೆಡಲ್‌ನಲ್ಲಿ ಚೆನ್ನಾಗಿ ಇಳಿಯುತ್ತವೆ. ಜೆಸಿಎಂ800ರ ಗುಣದಲ್ಲಿ ಜೋರಾಗಿ ಓಡುವ ಇಎಲ್34 ಪವರ್ ಟ್ಯೂಬ್‌ಗಳ ಪಾಲೂ ಇದೆ, ಪ್ರೀಆಂಪ್ ಪೆಡಲ್ ಅದನ್ನು ಕೊಡಲಾರದು. ಮಾರ್ಷಲ್ ಕಡೆಗೇ ಮನಸ್ಸಿದ್ದರೆ ಮಾಡಿಫೈ ಮಾಡಿದ ಮಾರ್ಷಲ್ ಜಾತಿಯದನ್ನು ನೋಡಿ. ಫ್ರೀಡ್‌ಮನ್ ಬಿಇ-ಒಡಿಯಲ್ಲಿ ಟೈಟ್ ನಾಬ್ ಇದೆ, ಒಳಗೆ ಗೇನ್ ಟ್ರಿಮ್ ಪಾಟ್ ಇದೆ. ಗೇನ್ ಅತಿಯಾದರೆ ಅದನ್ನು ಇಳಿಸಿ. 5150ಗೆ ಎಂಎಕ್ಸ್‌ಆರ್ ಮಾಡುವ ಇವಿಹೆಚ್ 5150 ಓವರ್‌ಡ್ರೈವ್: ಮೂರು ಬ್ಯಾಂಡ್ ಇಕ್ಯೂ, ಬೂಸ್ಟ್, ಗೇಟ್ (ಬಾರಿಸದಾಗ ಗಲಾಟೆ ಮುಚ್ಚುವುದು) ನಾಬ್ ಎಲ್ಲ ಅದರಲ್ಲೇ. ಎಎಂಟಿಯ ಪಿ2, ಆರ್2 ಕ್ರಮವಾಗಿ 5150, ರೆಕ್ಟಿಫೈಯರ್ ಕಡೆಗೆ. ಕ್ಯಾಬ್ ಸಿಮ್ ಔಟ್ ಬೇರೆ ಇರೋದರಿಂದ ನಿಮ್ಮಂತೆ ಕಾಂಬೊ, ಇಂಟರ್‌ಫೇಸ್ ಎರಡೂ ಬೇಕಾದವರಿಗೆ ಅನುಕೂಲ. ರೆಸಿಸ್ಟರ್ ಲೆಕ್ಕ ಹೇಗೇ ಇರಲಿ, ಬಿಗಿಯಾದ ರಿಫ್‌ಗೆ ನನ್ನ ಓಟು 5150 ಕಡೆಗೆ. ರೆಕ್ಟಿಫೈಯರ್‌ನ ಬೇಸ್ ದಪ್ಪ, ಮುಂದೆ ಬೂಸ್ಟ್ ಇಲ್ಲದೆ ಪಾಮ್ ಮ್ಯೂಟ್ ಕೊಚ್ಚೆಯಾಗುತ್ತೆ.

ಡ್ರಾಪ್‌ಡಿ:
ಧನ್ಯವಾದ ಇಬ್ಬರಿಗೂ. ಸೀರೀಸ್ ಲೂಪ್ ಆದ್ದರಿಂದ ರಿಟರ್ನ್‌ಗೇ ಹಾಕ್ತೀನಿ. ಟ್ಯೂಬ್ ಪ್ರಶ್ನೆ ಹಾಗೇ ಉಳೀತು. ಆಮೇಲೆ ಬೋರ್ಡ್‌ನ ಕೊನೆಗೆ ಟ್ಯೂಬ್ ಇಲ್ಲದ ಕ್ಲಾಸ್-ಡಿ ಪವರ್ ಆಂಪ್ ಇಟ್ಟರೆ ಏನಾದರೂ ಬದಲಾಗುತ್ತಾ?

ಸೀಸದಹೊಗೆ:
ಟ್ಯೂಬ್ ಇದೆ ಅನ್ನೋದಕ್ಕಿಂತ ಅದಕ್ಕೆ ಅನ್ನ ಹಾಕ್ತಾರಾ ಅಂತ ನೋಡಿ. ಪ್ರೀಆಂಪ್‌ನಲ್ಲಿ ಬಳಸುವ 12ಎಎಕ್ಸ್7 ಟ್ಯೂಬ್‌ನ ಹೀಟರ್‌ಗೆ 6.3 ವೋಲ್ಟ್‌ನಲ್ಲಿ 300 ಮಿಲಿಆಂಪ್ ಬೇಕು, ಅಂದರೆ ಸುಮಾರು 1.9 ವ್ಯಾಟ್. 9 ವೋಲ್ಟ್ ಅಡಾಪ್ಟರ್‌ನಿಂದ ಅಷ್ಟು ಎಳೆಯಲು ಹೀಟರ್ ಒಂದಕ್ಕೇ ಕನಿಷ್ಠ 210 ಮಿಲಿಆಂಪ್ ಆಯ್ತು. ಪೆಡಲ್ ಮೇಲೆ 12ಎಎಕ್ಸ್7 ಅಂತ ಬರೆದು, ಹಿಂದೆ 9 ವೋಲ್ಟ್ 100 ಮಿಲಿಆಂಪ್ ಅಂತ ಇದ್ದರೆ ಹೀಟರ್ ಅರೆಹೊಟ್ಟೆಯಲ್ಲಿದೆ, ಕಿಟಕಿಯ ಕೆಂಪು ಬೆಳಕು ಎಲ್‌ಇಡಿಯದ್ದಿರಬಹುದು. ಪ್ಲೇಟ್ ವೋಲ್ಟೇಜ್ 200 ದಾಟಿಸುವ ಕನ್ವರ್ಟರ್ ಇರುವವು ಆಂಪ್ ಥರ ನಡೆದುಕೊಳ್ಳುತ್ತವೆ, 12 ವೋಲ್ಟ್ ಪ್ಲೇಟ್‌ನವು ಹಾಗಲ್ಲ. ಕಾರ್ಗ್‌ನ ನ್ಯೂಟ್ಯೂಬ್ (ಚಿಪ್ ಆಕಾರದ ಪುಟ್ಟ ಟ್ಯೂಬ್) ಈ ಲೆಕ್ಕಕ್ಕೆ ಬರಲ್ಲ, ಅದು ತೀರಾ ಕಡಿಮೆ ಕರೆಂಟ್ ತಿನ್ನುತ್ತೆ.

ಟ್ಯೂಬ್ ಬದಲು ಜೆಫೆಟ್ ಟ್ರಾನ್ಸಿಸ್ಟರ್ ಇರುವ ಪೆಡಲ್‌ಗಳನ್ನು ಕೀಳಾಗಿ ನೋಡಬೇಡಿ. ಸೆಕೆಂಡ್‌ಹ್ಯಾಂಡ್ ಅಥವಾ ಕೈಯಲ್ಲಿ ಕಟ್ಟಿದ್ದು ತಗೊಂಡರೆ ಬಯಾಸ್ (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲುವ ವೋಲ್ಟೇಜ್) ಪರೀಕ್ಷೆ ಮಾಡಿ. ಜೆ201 ಅನ್ನೋ ಜೆಫೆಟ್‌ನ ಪಿಂಚ್-ಆಫ್ (ಕರೆಂಟ್ ನಿಲ್ಲುವ) ವೋಲ್ಟೇಜ್ ಡೇಟಾಶೀಟ್ ಪ್ರಕಾರವೇ -0.3ರಿಂದ -1.5ರ ತನಕ ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ ಒಂದೊಂದು ಹಂತಕ್ಕೂ ಟ್ರಿಮ್ಮರ್ ಇಡೋದು. ಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ, ಕೆಂಪು ಡ್ರೇನ್‌ಗೆ. 9 ವೋಲ್ಟ್ ಸಪ್ಲೈಗೆ 4.5ರ ಹತ್ತಿರ ಬರಬೇಕು. ಒಂದು ಹಂತ 8ರ ಮೇಲೆ ಅಥವಾ 1ರ ಕೆಳಗೆ ಸಿಕ್ಕಿಕೊಂಡಿದ್ದರೆ ನೋಟ್ ಸಾಯುವಾಗ ಪರಪರ ಅಂತ ಹರಿದು ನಿಲ್ಲುತ್ತೆ. ಕಾಲು ಇರುವ ಜೆ201ರಲ್ಲಿ ನಕಲಿ ಬಹಳ. ಅದರ ಪುಟ್ಟ ಸರ್ಫೇಸ್-ಮೌಂಟ್ ರೂಪವಾದ ಎಂಎಂಬಿಎಫ್‌ಜೆ201 ಅನ್ನು ಅಡಾಪ್ಟರ್ ಬೋರ್ಡ್ ಮೇಲೆ ಕೂರಿಸೋದು ಮೇಲು.

9 ವೋಲ್ಟ್‌ಗೆ ಮಾತ್ರ ಅಂತ ಬರೆದಿರೋದಕ್ಕೆ 18 ಕೊಡಬೇಡಿ. ಬಯಾಸ್ ಜರುಗುತ್ತೆ. ಒಳಗೆ ಮ್ಯಾಕ್ಸ್1044 ಥರದ ಚಾರ್ಜ್ ಪಂಪ್ (ವೋಲ್ಟೇಜ್ ಬದಲಿಸುವ ಚಿಪ್) ಇದ್ದರಂತೂ ಅದರ ಮಿತಿ 10.5 ವೋಲ್ಟ್, ಕೂಡಲೇ ಸುಟ್ಟುಹೋಗುತ್ತೆ.

ಬಿಸಿಕ್ಯಾಥೋಡ್:
ಕ್ಲಾಸ್-ಡಿ ವಿಷಯ. 5150ರ ರೆಸೊನೆನ್ಸ್, ಪ್ರೆಸೆನ್ಸ್ ನಾಬ್‌ಗಳು ಪವರ್ ಆಂಪ್‌ನ ನೆಗೆಟಿವ್ ಫೀಡ್‌ಬ್ಯಾಕ್‌ಗೆ (ಔಟ್‌ಪುಟ್‌ನ ಒಂದು ಪಾಲನ್ನು ವಾಪಸ್ ಒಳಗೆ ಕೊಟ್ಟು ಹತೋಟಿಯಲ್ಲಿಡೋದಕ್ಕೆ) ಸೇರಿದವು. ರೆಕ್ಟಿಫೈಯರ್‌ನ ಮಾಡರ್ನ್ ಮೋಡ್ ಆ ಫೀಡ್‌ಬ್ಯಾಕನ್ನೇ ಕಿತ್ತುಹಾಕುತ್ತೆ. ಆಗ ಸ್ಪೀಕರ್ ಇಂಪಿಡೆನ್ಸ್ ಏರಿಳಿದ ಹಾಗೆ ಕೆಳಗಿನ ಬೇಸ್ ಮತ್ತು ಮೇಲಿನ ಟ್ರೆಬಲ್ ಉಬ್ಬುತ್ತವೆ. ಕ್ಲಾಸ್-ಡಿಯಲ್ಲಿ ಆ ಉಬ್ಬು ಬರಲ್ಲ, ಸಪ್ಪೆ ಅನ್ನಿಸುತ್ತೆ. ಪ್ರೀಆಂಪ್ ನಂತರ ಇಕ್ಯೂನಲ್ಲಿ 100 ಹರ್ಟ್ಸ್‌ಗೆ 3-4 ಡೆಸಿಬೆಲ್, 3.5 ಕಿಲೋಹರ್ಟ್ಸ್‌ಗೆ 2-3 ಡೆಸಿಬೆಲ್ ಏರಿಸಿ. ಡೀಪ್, ಪ್ರೆಸೆನ್ಸ್ ಇರುವ ಪೆಡಲ್ (ಡೀಝೆಲ್ ವಿಹೆಚ್4 ಅಂಥದ್ದು) ತಗೊಂಡರೆ ಬೇರೆ ಇಕ್ಯೂ ಬೇಕಾಗದೆಯೂ ಇರಬಹುದು.

ಮಂದ್ರತಂತಿ:
ಬಿಗಿತನದ ಬಗ್ಗೆ ಇನ್ನೊಂದು. ಪ್ರೀಆಂಪ್ ಮುಂದೆ ಟ್ಯೂಬ್ ಸ್ಕ್ರೀಮರ್ (ಓವರ್‌ಡ್ರೈವ್ ಪೆಡಲ್) ಬೂಸ್ಟ್ ಆಗಿ ಇಡಿ: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಅದರ ಕ್ಲಿಪ್ ಹಂತ 720 ಹರ್ಟ್ಸ್ ಕೆಳಗಿನದಕ್ಕೆ ಗೇನ್ ಕಡಿಮೆ ಕೊಡೋದರಿಂದ ಬೇಸ್ ತೆಳುವಾಗಿ ಒಳಗೆ ಹೋಗುತ್ತೆ. ಹೋದ ಬೇಸನ್ನು ಡಿಸ್ಟಾರ್ಷನ್ ಆದ ಮೇಲೆ ಪೆಡಲ್‌ನ ಬೇಸ್ ನಾಬ್‌ನಲ್ಲಿ ವಾಪಸ್ ತನ್ನಿ. ಬೂಸ್ಟ್ ಹಾಕಿದ ಮೇಲೆ ಪ್ರೀಆಂಪ್ ಗೇನ್ 11 ಗಂಟೆ ದಾಟಬೇಕಿಲ್ಲ.

ಗೇಟ್ ಬಾಸ್ ಕಂಪನಿಯ ಎನ್‌ಎಸ್-2 ಥರ ಸೆಂಡ್-ರಿಟರ್ನ್ ಇರುವುದಾದರೆ ಗಿಟಾರ್ ಮೊದಲು ಗೇಟ್ ಇನ್‌ಪುಟ್‌ಗೆ, ಸೆಂಡ್‌ನಿಂದ ಬೂಸ್ಟ್, ಪ್ರೀಆಂಪ್, ಅಲ್ಲಿಂದ ಗೇಟ್‌ನ ರಿಟರ್ನ್, ಗೇಟ್ ಔಟ್‌ನಿಂದ ಆಂಪ್ ರಿಟರ್ನ್. ಗೇಟ್ ಆಲಿಸೋದು ಗಿಟಾರ್‌ನ ಸ್ವಚ್ಛ ಸಿಗ್ನಲ್, ಮುಚ್ಚೋದು ಪ್ರೀಆಂಪ್‌ನ ಗಲಾಟೆ. ಥ್ರೆಶೋಲ್ಡ್ ಸೊನ್ನೆಯಿಂದ ಏರಿಸುತ್ತಾ, ತಂತಿ ಕೈಯಲ್ಲಿ ಒತ್ತಿ ಹಿಡಿದಾಗ ಹಿಸ್ ನಿಲ್ಲೋ ಜಾಗದಲ್ಲಿ ಬಿಡಿ. ಡಿಲೇ, ರಿವರ್ಬ್ ಇದ್ದರೆ ಗೇಟ್ ಔಟ್ ನಂತರ, ಇಲ್ಲದಿದ್ದರೆ ಬಾಲವೂ ಕತ್ತರಿಸಿಹೋಗುತ್ತೆ.

ಕೊಳ್ಳುವ ಮೊದಲು ನಿಮ್ಮ ಗಿಟಾರ್‌ನಲ್ಲೇ ಕೇಳಿ, ಪೆಡಲನ್ನು ರಿಟರ್ನ್‌ಗೆ ಹಾಕಿಯೇ ಕೇಳಿ. ಆರನೇ ತಂತಿಯಲ್ಲಿ ಬೇಗಬೇಗ ಪಾಮ್ ಮ್ಯೂಟ್ ಮಾಡಿ, ಪ್ರತಿ ಪೆಟ್ಟು ಬೇರೆಬೇರೆಯಾಗಿ ಕೇಳಬೇಕು. ಆಮೇಲೆ ಗಿಟಾರ್ ವಾಲ್ಯೂಮ್ 4ಕ್ಕೆ ಇಳಿಸಿ ಐದು ತಂತಿಯ ಕಾರ್ಡ್ ಮೀಟಿ. ಒಳ್ಳೇ ಪ್ರೀಆಂಪ್ ಪೆಡಲ್‌ನಲ್ಲಿ ಗೇನ್ ಇಳಿದು ಸ್ವರಗಳು ಬಿಡಿಬಿಡಿಯಾಗುತ್ತವೆ. ಅಲ್ಲೂ ಕಲಸಿಕೊಂಡೇ ಕೇಳಿದರೆ ಅದನ್ನು ಬಿಟ್ಟು ಮುಂದಿನದಕ್ಕೆ ಪ್ಲಗ್ ಹಾಕಿ.