ಪದಚರ್ಚೆ: 'ಸಾಲ್ವೇಜ್' ಗಾಡಿ, 'ಪಾರ್ಟ್ಸ್ ರಿಸೈಕ್ಲರ್', 'ಕೋರ್' – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹಳೆ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವವರಿಗೆ ಇರುವ ಲೈಸೆನ್ಸ್ ಕಾನೂನಿನ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿ ನೆಲೆಸಿರುವ ಕನ್ನಡದವರಿಗಾಗಿ. ಅಪಘಾತವಾದ ಕಾರನ್ನು ಯಾರಿಗೆ ಕೊಡಬಹುದು, ಕೊಳ್ಳುವ ಕಾರಿನ ಕಾಗದದಲ್ಲಿ ಏನು ಬರೆದಿದೆ ಅಂತ ಹೇಗೆ ಓದಬೇಕು, ಹಳೆ ಬಾಗಿಲನ್ನೋ ಇಂಜಿನ್ನನ್ನೋ ತರುವಾಗ ಏನು ನೋಡಬೇಕು, ಇಷ್ಟೇ ವಿಷಯ. ಆದರೆ ಬರೆಯಲು ಕೂತರೆ ಪದಗಳೇ ಮುಂದಕ್ಕೆ ಬಿಡುತ್ತಿಲ್ಲ. ನಿಮ್ಮಲ್ಲಿ ಗ್ಯಾರೇಜ್, ವಿಮೆ, ಆರ್‌ಟಿಒ ಕೆಲಸಗಳ ಒಡನಾಟ ಇರುವವರು ದಯವಿಟ್ಟು ಬಾಯಿಬಿಡಿ.

ಮೊದಲು ಕಸುಬಿನ ಹೆಸರು. ಟೆಕ್ಸಾಸ್ ಕಾನೂನು ಇವರನ್ನು 'ಯೂಸ್ಡ್ ಆಟೊಮೋಟಿವ್ ಪಾರ್ಟ್ಸ್ ರಿಸೈಕ್ಲರ್' ಎಂದು ಕರೆಯುತ್ತದೆ. ಅಲ್ಲಿನ ಆಕ್ಯುಪೇಶನ್ಸ್ ಕೋಡ್‌ನ (ಕಸುಬುಗಳ ಕಾನೂನು ಸಂಹಿತೆಯ) 2309ನೇ ಅಧ್ಯಾಯ ಪೂರ್ತಿ ಇವರಿಗೇ ಮೀಸಲು. ಅದು ಬಂದದ್ದು 2009ರಲ್ಲಿ. ಲೈಸೆನ್ಸ್ ಕೊಡುವುದು ಟಿಡಿಎಲ್‌ಆರ್ ಎಂಬ ಇಲಾಖೆ. ಕ್ಷೌರಿಕರಿಗೆ, ಎಲೆಕ್ಟ್ರಿಷಿಯನ್ನರಿಗೆ, ಕೆಟ್ಟು ನಿಂತ ಗಾಡಿ ಎಳೆದುಕೊಂಡು ಹೋಗುವ ಟೋಯಿಂಗ್ ಕಂಪನಿಗಳಿಗೆ ಲೈಸೆನ್ಸ್ ಕೊಡುವುದೂ ಇದೇ ಇಲಾಖೆ. ಕಾರಿನ ಟೈಟಲ್ (ಮಾಲೀಕತ್ವದ ಪತ್ರ), ನಂಬರ್ ಪ್ಲೇಟ್ ನೋಡಿಕೊಳ್ಳುವ ಮೋಟಾರು ವಾಹನ ಇಲಾಖೆಯೇ ಬೇರೆ. ಈ ಎರಡು ಇಲಾಖೆಗಳನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಹೇಳಿದೆ.

'ಗುಜರಿಯವರು' ಅಂದುಬಿಡಿ, ಎಲ್ಲರಿಗೂ ಅರ್ಥವಾಗುತ್ತದೆ, ಸುಮ್ನೆ ಯಾಕೆ ಹೊಸ ಪದ ಅಂತ ಕೆಲವರು ಹೇಳಬಹುದು. ಪದದ ಮೇಲೆ ನನಗೇನೂ ಬೇಸರವಿಲ್ಲ, ಒಳ್ಳೆಯ ಪದ. ತೊಂದರೆ ಇರುವುದು ಅರ್ಥದಲ್ಲಿ. ಗಾಡಿಯನ್ನು ಗುಜರಿಗೆ ಹಾಕಿದೆ ಅಂದರೆ ಕೇಳಿದವರಿಗೆ ಮೊದಲು ಹೊಳೆಯುವುದು ತಕ್ಕಡಿ. ಕಿಲೋಗೆ ಇಷ್ಟು ಅಂತ ಕಬ್ಬಿಣದ ಲೆಕ್ಕದಲ್ಲಿ ಹೋಯಿತು ಅಂತ. ಟೆಕ್ಸಾಸ್‌ನಲ್ಲಿ ಹಾಗೆ ತೂಕಕ್ಕೆ ಕೊಳ್ಳುವವನು 'ಮೆಟಲ್ ರಿಸೈಕ್ಲರ್'. ಅವನಿಗೆ ಬೇರೆ ಅಧ್ಯಾಯ, 1956ನೆಯದು. 2309ನೇ ಅಧ್ಯಾಯ ಅವನಿಗೆ ಅನ್ವಯಿಸುವುದಿಲ್ಲ. ಒಂದು ಸಂದರ್ಭ ಬಿಟ್ಟು: ಗಾಡಿ ಅವನ ಕೈಗೆ ಬಂದದ್ದು ಮತ್ತೆ ಗಾಡಿಯಾಗಿ ಓಡಿಸಲೋ ಬಿಡಿಭಾಗ ತೆಗೆಯಲೋ ಆಗಿದ್ದು, ಅವನು ಹಾಗೆಯೇ ಬಳಸಿದರೆ ಆಗ ಅವನೂ ಇದರೊಳಗೆ ಬರುತ್ತಾನೆ. ಗಾಡಿ ಅದೇ, ಅಂಗಳವೂ ಅದೇ ಇರಬಹುದು, ಆದರೆ ಭಾಗವಾಗಿ ಮಾರಿದರೆ ಒಂದು ಕಾನೂನು, ಲೋಹವಾಗಿ ಮಾರಿದರೆ ಇನ್ನೊಂದು. ಎರಡಕ್ಕೂ 'ಗುಜರಿ' ಅಂದರೆ ಕಾನೂನು ಬೇರೆ ಮಾಡಿಟ್ಟದ್ದನ್ನು ನಾವು ಕಲಸಿದ ಹಾಗಾಗುತ್ತದೆ.

ಇದರ ಪಕ್ಕದಲ್ಲೇ 'ಮರುಬಳಕೆ' ಎಂಬ ಪದದ ತಂಟೆ ಇದೆ. ಪತ್ರಿಕೆಗಳಲ್ಲಿ ರಿಸೈಕ್ಲಿಂಗ್‌ಗೆ ಮರುಬಳಕೆ ಅಂತಲೇ ಬರೆಯುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಮತ್ತೆ ಬಳಸುವುದಕ್ಕೂ ಅದೇ ಪದ, ಕರಗಿಸಿ ಹೊಸದು ಮಾಡುವುದಕ್ಕೂ ಅದೇ ಪದ. ಟೆಕ್ಸಾಸ್ ಕಾನೂನಿನ ಅರ್ಥನಿರೂಪಣೆ ನೋಡಿದರೆ ಈ ಕಸುಬು ಅಂದರೆ ಗಾಡಿ ಬಿಚ್ಚುವುದು, ಭಾಗಗಳನ್ನು ಮತ್ತೆ ಬಳಸುವುದು ಅಥವಾ ಮಾರುವುದು, ಉಳಿದ ಗಾಡಿಯನ್ನು ಅಪಾಯವಾಗದ ಹಾಗೆ ವಿಲೇವಾರಿ ಮಾಡುವುದು. ಕರಗಿಸುವ ಮಾತು ಅಲ್ಲಿಲ್ಲ. ಹಾಗಾಗಿ ಇವರ ಮಟ್ಟಿಗೆ 'ಮರುಬಳಕೆ' ಸರಿಯಾದ ಪದವೇ, ತಪ್ಪಾಗುವುದು ಆ ಲೋಹದವನ ಮಟ್ಟಿಗೆ. ಆದರೂ 'ಹಳೆ ಬಿಡಿಭಾಗ ಮರುಬಳಕೆದಾರ' ಅಂದರೆ ಬಿಡಿಭಾಗ ಕೊಂಡು ತನ್ನ ಕಾರಿಗೆ ಹಾಕಿಕೊಂಡವನೇ ಮರುಬಳಕೆದಾರ ಅನಿಸುತ್ತದೆ, ಮಾರಿದವನಲ್ಲ. ಹಾಗಾಗಿ ನನ್ನ ಕರಡಿನಲ್ಲಿ ಸದ್ಯಕ್ಕೆ 'ಗಾಡಿ ಬಿಚ್ಚಿ ಭಾಗ ಮಾರುವವರು' ಅಂತ ಬಿಡಿಸಿಯೇ ಬರೆದಿದ್ದೇನೆ. ಉದ್ದವಾಯಿತು, ನಿಜ. ಆದರೆ ಓದಿದವರಿಗೆ ಇನ್ನೊಂದು ಸಲ ಕೇಳುವ ಕೆಲಸವಿಲ್ಲ.

ಅಮೆರಿಕದ ರಾಜ್ಯಗಳೇ ಈ ಹೆಸರಿನಲ್ಲಿ ಒಮ್ಮತಕ್ಕೆ ಬಂದಿಲ್ಲ ಅನ್ನುವುದು ನನಗೆ ಸ್ವಲ್ಪ ಧೈರ್ಯ ಕೊಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಇವರು 'ಆಟೊಮೊಬೈಲ್ ಡಿಸ್ಮ್ಯಾಂಟ್ಲರ್', ಅಂದರೆ ಬಿಚ್ಚುವವರು. ಪೆನ್ಸಿಲ್ವೇನಿಯಾದಲ್ಲಿ 'ಸಾಲ್ವರ್'. ಒಹಾಯೊದಲ್ಲಿ 'ಸಾಲ್ವೇಜ್ ಡೀಲರ್'. ಇಲಿನಾಯ್ 'ಪಾರ್ಟ್ಸ್ ರಿಸೈಕ್ಲರ್' ಅನ್ನುತ್ತದೆ. ಮಿಷಿಗನ್ ಅಂತೂ ಜಖಂಗೊಂಡ ಗಾಡಿಗೆ 'ಡಿಸ್ಟ್ರೆಸ್ಡ್ ವೆಹಿಕಲ್' ಅನ್ನುತ್ತದೆ, ಕಷ್ಟಕ್ಕೆ ಸಿಕ್ಕ ಗಾಡಿ ಅನ್ನೋ ಹಾಗೆ. ಈ ಕಸುಬಿನವರ ರಾಷ್ಟ್ರಮಟ್ಟದ ಸಂಘ 1943ರಲ್ಲಿ ಶುರುವಾದಾಗ ಅದರ ಹೆಸರಿನಲ್ಲಿ 'ರೆಕ್ಕರ್ಸ್' ಅಂತಿತ್ತು, ಒಡೆದು ಹಾಕುವವರು. ಈಗ ಅದು 'ರಿಸೈಕ್ಲರ್ಸ್' ಸಂಘ. ಒಡೆಯುವವರು ಅಂತ ಕರೆಸಿಕೊಳ್ಳಲು ಯಾರಿಗೆ ತಾನೇ ಇಷ್ಟ? ಆ ಹೆಸರು ಬದಲಾಯಿಸಿದ್ದು ಸರಿ ಅಂತಲೇ ನನಗನಿಸುತ್ತದೆ. ಕೆಲಸವೇನೋ ಬಿಚ್ಚುವುದೇ. ಆದರೆ ಬಿಚ್ಚುವುದಕ್ಕೂ ಒಡೆಯುವುದಕ್ಕೂ ತುಂಬಾ ಅಂತರವಿದೆ. ಒಡೆದರೆ ಏನೂ ಮಾರಲಾಗದು.

ಈಗ ನಿಜವಾಗಿ ನನ್ನನ್ನು ಕಾಡುತ್ತಿರುವ ಜೋಡಿಗೆ ಬರುತ್ತೇನೆ. 'ಸಾಲ್ವೇಜ್' ಮತ್ತು 'ನಾನ್‌ರಿಪೇರಬಲ್'. ಟೆಕ್ಸಾಸ್‌ನಲ್ಲಿ ಇವೆರಡೂ ಟೈಟಲ್ ಮೇಲೆ ಅಚ್ಚಾಗಿ ಬರುವ ಪದಗಳು. (ಟೈಟಲ್ ಅಂದರೆ ನಮ್ಮ ಆರ್‌ಸಿ ಅಲ್ಲ, ಅಲ್ಲಿ ಮಾಲೀಕತ್ವದ ಪತ್ರ ಬೇರೆ, ನೋಂದಣಿ ಬೇರೆ.) ನಾನು ನೋಡಿದ ಕನ್ನಡ ಬರಹಗಳಲ್ಲಿ ಎರಡಕ್ಕೂ 'ಜಖಂಗೊಂಡ ವಾಹನ' ಅಥವಾ 'ಹಾನಿಗೊಳಗಾದ ವಾಹನ' ಅಂತ ಹಾಕಿ ಮುಗಿಸಿದ್ದಾರೆ. ಇದು ನನಗೆ ಹಿಡಿಸುವುದಿಲ್ಲ. ಸಾಲ್ವೇಜ್ ಟೈಟಲ್ ಇರುವ ಗಾಡಿಯನ್ನು ಸರಿಯಾಗಿ ರಿಪೇರಿ ಮಾಡಿಸಿ, ಏನೇನು ಮಾಡಿಸಿದೆ ಅಂತ ಹೇಳಿಕೆ ಕೊಟ್ಟು, 'ರೀಬಿಲ್ಟ್ ಸಾಲ್ವೇಜ್' ಎಂಬ ಷರಾದೊಂದಿಗೆ ಮತ್ತೆ ರಸ್ತೆಗೆ ಇಳಿಸಬಹುದು. ನಾನ್‌ರಿಪೇರಬಲ್ ಟೈಟಲ್ 2003ರ ಸೆಪ್ಟೆಂಬರ್ 1ರ ನಂತರ ಕೊಟ್ಟದ್ದಾದರೆ ಆ ಗಾಡಿ ಮತ್ತೆ ರಸ್ತೆಗೆ ಬರುವ ಹಾಗಿಲ್ಲ, ಎಷ್ಟೇ ಚೆನ್ನಾಗಿ ಕಟ್ಟಿ ನಿಲ್ಲಿಸಿದರೂ ಅಷ್ಟೇ. ಅಗ್ಗಕ್ಕೆ ಸಿಕ್ಕಿತು ಅಂತ ಒಬ್ಬರು ಇಂಥ ಗಾಡಿ ಕೊಂಡು, ಕೈಪಿಡಿಯಲ್ಲಿ 'ಜಖಂಗೊಂಡ ವಾಹನವನ್ನು ರಿಪೇರಿ ಮಾಡಿಸಿ ಓಡಿಸಬಹುದು' ಅಂತ ಓದಿ ದುಡ್ಡು ಸುರಿದರೆ? ಪದ ತಪ್ಪಾದರೆ ಓದಿದವರ ದುಡ್ಡು ಹೋಗುತ್ತದೆ. ಅದಕ್ಕೇ ಇಷ್ಟು ಹಿಡಿದು ಕೂತಿದ್ದೇನೆ.

ಸಾಲ್ವೇಜ್ ಎಂಬುದಕ್ಕೆ ಅಲ್ಲಿನ ಕಾನೂನು ಇಟ್ಟಿರುವ ಅಳತೆ ಏನು ಅಂತ ಹತ್ತಿರದಿಂದ ನೋಡಿ. ಗಾಡಿಯ ಮುಖ್ಯ ಭಾಗವೊಂದು ಹಾಳಾಗಿರಬೇಕು ಅಥವಾ ಇಲ್ಲವಾಗಿರಬೇಕು. ಇಂಜಿನ್, ಗೇರ್‌ಬಾಕ್ಸ್, ಚಾಸಿ, ಬಾನೆಟ್, ಬಾಗಿಲು, ಬಂಪರ್ ಹೀಗೆ ಮುಖ್ಯ ಭಾಗಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಅದನ್ನು ಸರಿ ಮಾಡಿಸುವ ಖರ್ಚು, ಸಾಮಾನು ಮತ್ತು ಕೂಲಿ ಸೇರಿ, ಅಪಘಾತಕ್ಕೆ ಸ್ವಲ್ಪ ಮುಂಚೆ ಗಾಡಿಗೆ ಇದ್ದ ಬೆಲೆಯನ್ನು ಮೀರಬೇಕು. ಈ ಲೆಕ್ಕದಲ್ಲಿ ಬಣ್ಣ ಹೊಡೆಸುವ ಖರ್ಚು ಸೇರುವುದಿಲ್ಲ, ಮಾರಾಟ ತೆರಿಗೆಯೂ ಸೇರುವುದಿಲ್ಲ. ಗಾಡಿಗೆ 8,000 ಡಾಲರ್ ಬೆಲೆ ಇತ್ತು ಅಂದುಕೊಳ್ಳಿ. ಗ್ಯಾರೇಜಿನವನು ತೆರಿಗೆ ಬಿಟ್ಟು 8,600 ಡಾಲರ್ ಆಗುತ್ತದೆ ಅಂದ. ಅದರಲ್ಲಿ ಬಣ್ಣದ್ದೇ 900 ಇದ್ದರೆ ಉಳಿದದ್ದು 7,700. ಹಾಗಾದರೆ ಇದು ಸಾಲ್ವೇಜ್ ಅಲ್ಲ. ಬಣ್ಣ ಬರೀ 200 ಆಗಿದ್ದರೆ ಉಳಿದದ್ದು 8,400, ಸಾಲ್ವೇಜ್ ಆಗಿಬಿಟ್ಟಿತು. ಗಾಡಿ ನೋಡಲು ಎಷ್ಟು ನಜ್ಜುಗುಜ್ಜಾಗಿದೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ಅಂದರೆ ಸಾಲ್ವೇಜ್ ಎನ್ನುವುದು ದುಡ್ಡಿನ ಮಾತು. ರಿಪೇರಿ ಮಾಡಲು ಆಗುತ್ತದೆ, ಆದರೆ ಗಿಟ್ಟುವುದಿಲ್ಲ. ನಾನ್‌ರಿಪೇರಬಲ್ ಅಂದರೆ ಜಜ್ಜಿಯೋ ಸುಟ್ಟೋ ಹೋಗಿ, ಬಿಡಿಭಾಗಕ್ಕೆ ಅಥವಾ ಕಬ್ಬಿಣಕ್ಕೆ ಬಿಟ್ಟರೆ ಇನ್ನೇನೂ ಬೆಲೆ ಉಳಿಯದೇ ಇರುವುದು. ಅದರ ರಿಪೇರಿ ಆಗುವುದೇ ಇಲ್ಲ. ಇದನ್ನು ಬರೆಯುವಾಗಲೇ ನನಗೆ ಈ ಜೋಡಿ ಸಿಕ್ಕಿದ್ದು:

'ರಿಪೇರಿ ಗಿಟ್ಟದ ಗಾಡಿ' ಮತ್ತು 'ರಿಪೇರಿ ಆಗದ ಗಾಡಿ'.

ಹೇಗಿದೆ ಹೇಳಿ. 'ಗಿಟ್ಟು' ಎಂಬ ಕ್ರಿಯಾಪದ ಈ ಕೆಲಸಕ್ಕೇ ಹುಟ್ಟಿದೆ ಅನ್ನಿಸಿತು ನನಗೆ. ಗಿಟ್ಟುತ್ತೋ ಇಲ್ವೋ ಅಂತ ವ್ಯಾಪಾರದವರು ದಿನಾ ಆಡುವ ಮಾತು. ಕಾನೂನಿನ ಆ ಉದ್ದನೆ ವಾಕ್ಯದ ತಿರುಳು ಆ ಒಂದೇ ಪದದಲ್ಲಿ ಬಂದುಬಿಡುತ್ತದೆ. 'ಆರ್ಥಿಕವಾಗಿ ದುರಸ್ತಿಗೆ ಯೋಗ್ಯವಲ್ಲದ ವಾಹನ' ಅಂತ ಬರೆಯಬಹುದು, ಬರೆದರೆ ಓದುವವರು ಪುಟ ಮಗುಚುತ್ತಾರೆ. ನನ್ನ ಒಂದೇ ಅನುಮಾನ, ಕೈಪಿಡಿಯಂಥ ಬರಹದಲ್ಲಿ 'ಗಿಟ್ಟದ' ಅನ್ನುವುದು ತೀರಾ ಬಾಯಿಮಾತಾಗಿ ಕಾಣುತ್ತದೆಯೇ? ಮತ್ತೆ ಎಲ್ಲ ಕಡೆಯ ಕನ್ನಡದವರಿಗೂ ಈ ಅರ್ಥದಲ್ಲೇ ಗೊತ್ತಿದೆಯೇ? ಕೆಲವು ಕಡೆ ಗಿಟ್ಟು ಅಂದರೆ ಬರೀ 'ಸಿಗು' ಅಂತಲೂ ಇದೆಯಲ್ಲ. 'ಪೂರೈಸದ', 'ಲುಕ್ಸಾನಿನ' ಎರಡನ್ನೂ ಯೋಚಿಸಿದೆ. ಗಿಟ್ಟದ ಎಂಬುದರ ಹತ್ತಿರ ಅವು ಬರುವುದಿಲ್ಲ.

ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಇನ್ನೊಂದು ಜೋಡಿ ಇದೆ, 'ಸಾಲ್ವೇಜ್' ಮತ್ತು 'ಜಂಕ್'. 1992ರ ಕಾರು ಕಳ್ಳತನ ತಡೆ ಕಾನೂನಿನಿಂದ ಹುಟ್ಟಿದ ರಾಷ್ಟ್ರೀಯ ಟೈಟಲ್ ಮಾಹಿತಿ ವ್ಯವಸ್ಥೆಗೆ ಬಿಚ್ಚುವವರು, ಲೋಹದವರು ಎಲ್ಲರೂ ತಮ್ಮ ಕೈಗೆ ಬಂದ ಗಾಡಿಗಳ ವಿವರವನ್ನು ತಿಂಗಳು ತಿಂಗಳು ಕೊಡಬೇಕು, ಈ ಕಡ್ಡಾಯ 2009ರ ಮಾರ್ಚ್‌ನಿಂದ ಇದೆ. ಅಲ್ಲಿನ ಜಂಕ್ ಅಂದರೆ ರಸ್ತೆಯಲ್ಲಿ ಓಡಲಾಗದ, ಭಾಗಕ್ಕೋ ಕಬ್ಬಿಣಕ್ಕೋ ಮಾತ್ರ ಬೆಲೆ ಬಾಳುವ ಗಾಡಿ. ಹತ್ತಿರ ಹತ್ತಿರ ಟೆಕ್ಸಾಸ್‌ನ ನಾನ್‌ರಿಪೇರಬಲ್ಲೇ. ಇಲ್ಲಿ ಮಾತ್ರ 'ಗುಜರಿ ಗಾಡಿ' ಅಂತ ಧೈರ್ಯವಾಗಿ ಹಾಕಬಹುದು ಅಂತ ನನ್ನ ಅನಿಸಿಕೆ. ಇದರಲ್ಲಿ ಯಾರಿಗೂ ತಕರಾರು ಇರಲಾರದು.

ಇನ್ನೊಂದು ಪದ, ಇದು ಕೊಳ್ಳುವವರಿಗಿಂತ ಮಾರಲು ಹೋದವರಿಗೆ ಬೇಕಾದದ್ದು. ಯಾರಾದರೂ ಒಂದು ಬಾಗಿಲನ್ನು ಬಿಚ್ಚಿ ತಂದು ಅಂಗಡಿಗೆ ಮಾರಿದರು ಅನ್ನಿ. ಅಂಗಡಿಯವರು ಡ್ರೈವಿಂಗ್ ಲೈಸೆನ್ಸಿನ ವಿವರ ಬರೆದುಕೊಳ್ಳಬೇಕು. ಆ ವ್ಯವಹಾರಕ್ಕೆ ಅಂತಲೇ ಒಂದು ನಂಬರ್ ಕೊಟ್ಟು, ಅದನ್ನು ಬಾಗಿಲಿಗೆ ಅಂಟಿಸಬೇಕು. ಭಾನುವಾರ ಬಿಟ್ಟು ಕನಿಷ್ಠ 3 ದಿನ ಆ ಬಾಗಿಲನ್ನು ಬಂದ ಸ್ಥಿತಿಯಲ್ಲೇ ಅಂಗಳದಲ್ಲಿ ಇಟ್ಟುಕೊಳ್ಳಬೇಕು. ಉಜ್ಜುವ ಹಾಗಿಲ್ಲ, ಬಣ್ಣ ಬಳಿಯುವ ಹಾಗಿಲ್ಲ. ಕಳ್ಳಮಾಲಾಗಿದ್ದರೆ ಪತ್ತೆಗೆ ಸಮಯ ಸಿಗಲಿ ಅನ್ನುವುದು ಇದರ ಹಿಂದಿನ ಯೋಚನೆ. ಈ ತಡೆದಿಡುವ ಅವಧಿಗೆ 'ತಡೆಹಿಡಿತ' ಅನ್ನಲೇ, 'ಕಾಯ್ದಿಡುವ ಅವಧಿ' ಅನ್ನಲೇ? ತಡೆಹಿಡಿತ ಅಂದರೆ ಪೊಲೀಸರು ಜಪ್ತಿ ಮಾಡಿದ ಹಾಗೆ ಕೇಳಿಸುತ್ತದೆ. ಬಾಗಿಲು ಕದ್ದದ್ದು ಅಂತ ಯಾರೂ ಹೇಳಿಲ್ಲವಲ್ಲ, ಎಲ್ಲರ ಮಾಲಿಗೂ ಇದೇ ನಿಯಮ. ಹಾಗಾಗಿ 'ಕಾಯ್ದಿಡು' ಕಡೆಗೇ ನನ್ನ ಒಲವು.

ಕೊನೆಗೆ, ಉತ್ತರವೇ ಹೊಳೆಯದ ಪದ: 'ಕೋರ್'. ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್, ಗೇರ್‌ಬಾಕ್ಸ್ ಇಂಥವು ಕೆಟ್ಟಾಗ ಹಳೆಯದನ್ನು ಬಿಸಾಡುವುದಿಲ್ಲ. ಅದರ ಒಡಲು ಗಟ್ಟಿ ಇರುತ್ತದೆ, ಸವೆದ ಭಾಗ ಬದಲಿಸಿ ಹೊಸದರಂತೆ ಕಟ್ಟಿ ಮಾರುತ್ತಾರೆ. ಹಾಗೆ ಕಟ್ಟಲು ಬರುವ ಹಳೆ ಒಡಲೇ ಕೋರ್. ಅಂಗಡಿಯಲ್ಲಿ ಹೊಸ ಆಲ್ಟರ್ನೇಟರ್ ಕೊಳ್ಳುವಾಗ ಕೋರ್ ಹೆಸರಿನಲ್ಲಿ ಮೇಲೊಂದಿಷ್ಟು ಹಣ ಹಿಡಿಯುತ್ತಾರೆ, ಹಳೆಯದು ತಂದುಕೊಟ್ಟರೆ ಅದು ವಾಪಸ್. ಟೆಕ್ಸಾಸ್ ಕಾನೂನು 'ಹಳೆ ಬಿಡಿಭಾಗ' ಎಂಬ ಅರ್ಥದಿಂದ ಈ ಕೋರ್‌ಗಳನ್ನು ಹೊರಗಿಟ್ಟಿದೆ, ಮಾಮೂಲು ವ್ಯಾಪಾರದಲ್ಲಿ ಕೈ ಬದಲಾಗುವ ಇಂಜಿನ್ ಬ್ಲಾಕ್, ಕ್ರ್ಯಾಂಕ್‌ಶಾಫ್ಟ್ ಎಲ್ಲ ಸೇರಿ. ಗಾಡಿಯಿಂದ ತೆಗೆದು ಇದ್ದ ಹಾಗೆ ಮಾರುವ ಇಂಜಿನ್ ಹಳೆ ಬಿಡಿಭಾಗ, ಕಟ್ಟಲು ಕಳಿಸುವ ಇಂಜಿನ್ ಕೋರ್. ಹಾಗಾಗಿ ಇದನ್ನು 'ಹಳೆ ಭಾಗ' ಅನ್ನುವಂತಿಲ್ಲ. ನಿಘಂಟು ಕೊಡುವ 'ತಿರುಳು', 'ಒಳಗು' ಎರಡೂ ಇಲ್ಲಿ ಏನೂ ಹೇಳುವುದಿಲ್ಲ. 'ಮರುಕಟ್ಟು ಒಡಲು' ಅಂತ ಬರೆದು ನೋಡಿದೆ, ಅದು ಮೆಕ್ಯಾನಿಕ್ ಬಾಯಲ್ಲಿ ಬರುವ ಮಾತಲ್ಲ. ಆ ಠೇವಣಿ ಹಣಕ್ಕೆ ಬೇಕಾದರೆ 'ಹಳೆಯದರ ಠೇವಣಿ' ಅನ್ನಬಹುದು, ವಸ್ತುವಿಗೇ ಒಂದು ಹೆಸರು ಬೇಕು.

ಇಂಜಿನ್ ಕಟ್ಟುವ, ಡೈನಮೊ ಸುತ್ತುವ ಅಂಗಡಿಗಳವರು ಹೀಗೆ ಬದಲಿಗೆ ತಗೊಳ್ಳುವ ಹಳೆ ಮಾಲಿಗೆ ತಮ್ಮ ತಮ್ಮಲ್ಲಿ ಏನಂತ ಕರೆಯುತ್ತಾರೆ? ಎಕ್ಸ್‌ಚೇಂಜ್ ಪೀಸ್ ಅಂತ ಹೇಳುವುದು ನನ್ನ ಕಿವಿಗೆ ಬಿದ್ದಿದೆ. ಅದಕ್ಕಿಂತ ಬೇರೆ ಮಾತು ಯಾರಿಗಾದರೂ ಗೊತ್ತಿದ್ದರೆ, ಯಾವ ಊರಿನ ಕಡೆ ಹಾಗೆ ಹೇಳುತ್ತಾರೆ ಅನ್ನುವುದನ್ನೂ ಸೇರಿಸಿ ಬರೆಯಿರಿ. 'ಗಿಟ್ಟದ ಗಾಡಿ' ಬಗ್ಗೆ ಒಪ್ಪದವರು ಅಷ್ಟೇ ನೇರವಾಗಿ ಒಪ್ಪಲ್ಲ ಅನ್ನಿ. ಕರಡು ಇನ್ನೂ ನನ್ನ ಕೈಯಲ್ಲೇ ಇದೆ, ತಿದ್ದಲು ಹೊತ್ತಿದೆ.