‘ಕನ್ಕಷನ್’ ಅಂದ್ರೆ ಅಮ್ಮಂದಿರಿಗೆ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ. ಕನ್ಕಷನ್‌ಗೆ, ಅಂದರೆ ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗುವುದಕ್ಕೆ, ಅಮ್ಮಂದಿರಿಗೆ ಅರ್ಥವಾಗುವ ಒಂದು ಕನ್ನಡ ಮಾತು ಬೇಕಾಗಿದೆ.

ತಂಗಿಯ ಮಗ, ಏಳು ವರ್ಷ, ಪಾರ್ಕಿನ ಜಾರುಬಂಡೆಯಿಂದ ಬಿದ್ದ. ಆಸ್ಪತ್ರೆಯ ಚೀಟಿಯಲ್ಲಿ ‘ಮೈಲ್ಡ್ ಹೆಡ್ ಇಂಜುರಿ, ಕನ್ಕಷನ್’ ಎಂದಿತ್ತು. ಸ್ಕ್ಯಾನ್ ನಾರ್ಮಲ್. “ಒಳಪೆಟ್ಟೇನೂ ಇಲ್ವಂತೆ ಅಕ್ಕ, ಮೈಲ್ಡ್ ಅಂತೆ. ನಾಳೆ ಸ್ಕೂಲಿಗೆ ಕಳಿಸ್ತೀನಿ” ಅಂದಳು ತಂಗಿ. ಕಳಿಸಿಯೂಬಿಟ್ಟಳು. ಸಂಜೆ ಹುಡುಗ ಟ್ಯೂಬ್‌ಲೈಟ್ ಹಾಕಬೇಡ ಎಂದು ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತ. “ಅಪ್ಪ ಯಾವಾಗ ಬರ್ತಾರೆ?” ಎಂದು ಮೂರು ಸಲ ಕೇಳಿದ. ಮತ್ತೆ ತೋರಿಸಿದಾಗ ಡಾಕ್ಟರು ಒಂದೆರಡು ದಿನ ರೆಸ್ಟ್, ಆಮೇಲೆ ನಿಧಾನವಾಗಿ ಸ್ಕೂಲು ಅಂದರು.

ತಂಗಿಯದು ತಪ್ಪು ಅನ್ನಲಾರೆ. ‘ಪೆಟ್ಟು’ ಅಂದ್ರೆ ನಮಗೆ ಹೊರಗೆ ಕಾಣುವ ಬುಗುಟು, ಗಾಯ. ‘ಒಳಪೆಟ್ಟು’ ಅಂದ್ರೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದೇ ಅರ್ಥ. ಸ್ಕ್ಯಾನ್ ನಾರ್ಮಲ್ ಆದರೆ ಒಳಪೆಟ್ಟಿಲ್ಲ, ಮುಗೀತು. ಆದರೆ ಕನ್ಕಷನ್ ಆದಾಗ ಮಿದುಳು ಅಲುಗಿ, ಅದರ ಕೆಲಸವೇ ಕೆಲವು ದಿನ ಏರುಪೇರಾಗುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಅದು ಕಾಣಿಸುವುದಿಲ್ಲ. ಇದಕ್ಕೆ ನಮ್ಮ ಮನೆಮಾತಿನಲ್ಲಿ ಹೆಸರೇ ಇಲ್ಲ.

‘ಮೈಲ್ಡ್’ ಇನ್ನೂ ದಾರಿ ತಪ್ಪಿಸುತ್ತದೆ. ಅದು 1974ರಲ್ಲಿ ಬಂದ ಗ್ಲಾಸ್ಗೋ ಕೋಮಾ ಸ್ಕೇಲಿನ ಲೆಕ್ಕ. ಕಣ್ಣು ತೆರೆಯುವುದು, ಮಾತು, ಕೈಕಾಲಾಡಿಸುವುದು, ಇಷ್ಟನ್ನು ನೋಡಿ 15ಕ್ಕೆ 13ರಿಂದ 15 ಅಂಕ ಬಂದರೆ ಮೈಲ್ಡ್. ಮಗುವಿಗೆ ಎಷ್ಟು ಎಚ್ಚರ ಇದೆ ಎಂದು ಅದು ಹೇಳುತ್ತದೆ. ಎಷ್ಟು ದಿನ ಜೋಪಾನ ಮಾಡಬೇಕು ಎಂದು ಹೇಳುವುದಿಲ್ಲ. ಇಂಗ್ಲಿಷ್ ಆಡುವ ಕಡೆಯೂ ಇದೇ ಪಾಡು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಟಿಯಲ್ಲಿ ಕನ್ಕಷನ್ ಎಂದು ಬರೆಸಿಕೊಂಡ ಮಕ್ಕಳು ತಲೆಗೆ ಪೆಟ್ಟಾಗಿದ್ದ ಉಳಿದ ಮಕ್ಕಳಿಗಿಂತ ಬೇಗ ಶಾಲೆಗೆ ಮರಳಿದ್ದರು.

‘ಮಿದುಳಾಘಾತ’ ಬೇಡ, ಜನ ಅದನ್ನು ಸ್ಟ್ರೋಕ್ ಅಂದುಕೊಳ್ಳುತ್ತಾರೆ. ‘ಮಿದುಳು ಕಲಕಿದೆ’ ಅಂದ್ರೆ ಹುಚ್ಚು ಎಂಬ ಭಯ. ನನಗೆ ಒಪ್ಪುವುದು ‘ಮಿದುಳು ಅಲುಗಿದೆ’. ಕನ್ಕಷನ್‌ನ ಲ್ಯಾಟಿನ್ ಮೂಲದಲ್ಲೂ ಅಲುಗಾಡಿಸುವುದೇ ಇದೆ. ಹೆಸರು ಬೇಕಾದ ಕಡೆ ‘ಮಿದುಳಲುಗು’ ಎನ್ನಬಹುದೇ? ನಾಲಿಗೆಗೆ ಸ್ವಲ್ಪ ತೊಡಕು, ಅಲ್ವಾ?

ಧಾರವಾಡ, ಕಲಬುರಗಿ, ಮಂಗಳೂರು ಕಡೆ ಬೇರೆ ಮಾತಿದೆಯೇ? ನಿಮ್ಮಲ್ಲಿ ನರ್ಸ್ ಆಗಿರುವವರು, ಸ್ಕ್ಯಾನ್ ನಾರ್ಮಲ್ ಬಂದ ಮಗುವಿನ ಅಮ್ಮನಿಗೆ ಏನಂತ ಹೇಳಿ ಕಳಿಸುತ್ತೀರಿ? ಆಡುವ ಹಾಗೇ ಬರೆಯಿರಿ.