ಸಹಾಯ ಬೇಕು: ಗಡಸು ನೀರು, ಒಣ ಚರ್ಮ, ಮಗುವಿಗೆ ದಿನಾ ಸ್ನಾನ ಬೇಕಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೋಲಾರದ ಹತ್ತಿರ. ಮನೆಗೆ ಬರುವುದು ಬೋರ್‌ವೆಲ್ ನೀರು, ತುಂಬಾ ಗಡಸು. ಸೋಪು ಸರಿಯಾಗಿ ನೊರೆ ಬರಲ್ಲ, ಬಕೆಟ್‌ಗೆಲ್ಲ ಬಿಳಿ ಕರೆ ಕಟ್ಟುತ್ತದೆ.

ನನ್ನ ಮಗಳಿಗೆ 4 ವರ್ಷ. ಚಳಿ ಶುರುವಾದಾಗಿನಿಂದ ಮೊಣಕೈ ಮಡಿಕೆ, ಮಂಡಿ ಹಿಂದೆ ಚರ್ಮ ಒಣಗಿ ಒರಟಾಗಿದೆ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳೆ, ಪಾಪ, ನಿದ್ದೆಯೇ ಇಲ್ಲ. ಚರ್ಮದ ಡಾಕ್ಟರಿಗೆ ಮುಂದಿನ ವಾರ ತೋರಿಸುತ್ತೇವೆ.

ನಮ್ಮ ಅತ್ತೆಗೆ ಮಾತ್ರ ದಿನಾ ಹಂಡೆಯ ಬಿಸಿನೀರೇ ಆಗಬೇಕು. "ಮೈಗೆ ನೀರು ಹಾಕದೆ ಮಗೂನ ಅಂಗನವಾಡಿಗೆ ಕಳಿಸ್ತೀಯೇನಮ್ಮಾ?" ಅಂತಾರೆ. ಅವರ ಮಾತೂ ಸರಿಯೇ, ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ. ದೊಡ್ಡವನು ಮಣ್ಣಲ್ಲಿ ಹೊರಳಾಡಿ ಬರುತ್ತಾನೆ, ಅವನಿಗೆ ದಿನಾ ಬೇಕೇ ಬೇಕು. ಅಮೆರಿಕದ ಚರ್ಮ ವೈದ್ಯರ ಸಂಘ 6ರಿಂದ 11 ವರ್ಷದ ಮಕ್ಕಳಿಗೆ ವಾರಕ್ಕೆ ಕನಿಷ್ಠ ಒಂದೆರಡು ಸಲ ಸ್ನಾನ ಅನ್ನುತ್ತದೆ. ಮೈ ಕೊಳೆಯಾದಾಗ, ಬೆವರಿದಾಗ, ಈಜಿದಾಗ ಮಾಡಿಸಲೇಬೇಕಂತೆ. ಆದರೆ ಇವಳು ಇನ್ನೂ ಚಿಕ್ಕವಳು, ಊರೂ ಬೇರೆ.

ಈಗ ಉಗುರುಬೆಚ್ಚಗಿನ ನೀರಲ್ಲಿ 5-10 ನಿಮಿಷದೊಳಗೆ ಮುಗಿಸುತ್ತೇನೆ. ಉಜ್ಜಲ್ಲ. ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ವಾಸನೆ ಇಲ್ಲದ ಕ್ರೀಮ್ ಹಚ್ಚುತ್ತೇನೆ.

ಇಂಥ ಚರ್ಮದ ಮಕ್ಕಳಿರುವವರು ದಯವಿಟ್ಟು ಹೇಳಿ. ದಿನ ಬಿಟ್ಟು ದಿನ ಮಾಡಿಸಿದರೆ ಕೆರೆತ ಕಡಿಮೆಯಾಯಿತಾ? ಸೋಪು ಬದಲು ಕಡಲೆಹಿಟ್ಟು ಹಾಕಬಹುದಾ, ಅದೂ ಚರ್ಮ ಒಣಗಿಸುತ್ತಾ? ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯವರು ಸ್ನಾನದ ನೀರಿಗೆ ಏನು ಮಾಡುತ್ತಿದ್ದೀರಿ? ನಲ್ಲಿಗೆ ಹಾಕುವ ಫಿಲ್ಟರ್‌ನಿಂದ ನಿಜಕ್ಕೂ ಉಪಯೋಗ ಆಯಿತಾ?